ಗದ್ದಿಗೆ ಕಂಬಳಿಯ ಕಪ್ಪು

"ದೇವರ ಗದ್ದಿಗೆಗೆ ಹಾಸೋ ಕಂಬಳಿಗೆ ಕರಿ ಕುರಿಯ ಹುಟ್ಟುಗಪ್ಪೇ ಆಗ್ಬೇಕು ಅಳಿಯಂದ್ರೆ. ಬಣ್ಣದ ಕಪ್ಪು ಹಾಕಿದ್ರೆ ಅದು ಮನೆಯೋರ ಕೊರಳಿಗೆ ಇಳಿತೈತೆ," ಎಂದಳು ಕೆಂಚಕ್ಕ.

ವೀರೇಶ ನಕ್ಕ. ದಾವಣಗೆರೆಯಿಂದ ಚಳ್ಳಕೆರೆಯ ಈ ಕಂಬಳಿ ನೇಯುವ ಮನೆಗೆ ಅಳಿಯನಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ, ಆಗಲೇ ಎಲ್ಲ ತಿಳಿದವನ ಗತ್ತು. "ಕರಿ ಕುರಿ ನೂಲು ಸಾಲಲ್ಲ ಅತ್ತೆ. ದೇವರೇನು ಬಂದು ಮೂಸಿ ನೋಡ್ತಾನಾ?"

ಅತ್ತೆ ಸಂತೆಗೆ ಹೋದದ್ದೇ ತಡ, ಕೂದಲಿಗೆ ಹಚ್ಚುವ ಬಣ್ಣದ ಪುಡಿಯನ್ನು ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಗೆ ಕಲಸಿದ. ಕೈಗೆ ಸಿಕ್ಕ ಪಾತ್ರೆ ಯಾವುದು? ಹೆಂಡತಿ ಜ್ಯೋತಿಲಕ್ಷ್ಮಿ ದಿನಾ ಅಂಬಲಿ ಕುಡಿಯುವ ಚೆಂಬು. ಥೂ, ಅಷ್ಟೂ ಎಚ್ಚರ ಬೇಡವೇ? ಒದ್ದೆ ಉಣ್ಣೆಯ ಹಿಕ್ಕೆ ನಾತ, ಹುಳಿತ ಗಂಜಿಯ ಲೋಳೆ, ಮೂಗು ಸುಡುವ ಬಣ್ಣದ ಘಾಟು ಸೇರಿ ಮಗ್ಗದ ಕೋಣೆ ಗಬ್ಬೆದ್ದುಹೋಯಿತು. ಗದ್ದಿಗೆಗೆಂದು ಬಿಳಿ ನೂಲಿನಲ್ಲೇ ನೇಯ್ದಿದ್ದ ಕಂಬಳಿ ಕಪ್ಪಾಯಿತು. ಉಳಿದದ್ದನ್ನು ಚೆಂಬಿನಲ್ಲೇ ಬಿಟ್ಟು ಕೈ ತೊಳೆಯಲು ಹೋದ.

ಬಿಸಿಲಿನಿಂದ ಬಂದ ಜ್ಯೋತಿಲಕ್ಷ್ಮಿ ಆ ಕತ್ತಲ ಕೋಣೆಯಲ್ಲಿ ಚೆಂಬೆತ್ತಿ ಗಟಗಟ ಕುಡಿದಳು. ಆಮೇಲೆ ಮುಖ ಕಿವುಚಿದಳು. "ಏನ್ರಿ, ಅಂಬಲಿ ಹಿಂಗೈತೆ?"

"ಹಳಸಿರ್ಬೇಕು, ಉಗಿದ್ಬಿಡು," ಎಂದ. ನಿಜ ಹೇಳಿದರೆ ಅತ್ತೆಯ ಮುಂದೆ ಮರ್ಯಾದೆ ಹೋಗುತ್ತದಲ್ಲ.

ಇಳಿಹೊತ್ತಿಗೆ ಅವಳ ಕೊರಳು ಹೋರಿಯ ಕೊರಳಿನಷ್ಟು ಊದಿತು. ನಾಲಿಗೆ ದಪ್ಪಗಾಗಿ, ಬಾಯಿಯೊಳಗೆ ಹಿಡಿಸದೆ ಹೊರಬಿತ್ತು. ಅಂಟು ಜೊಲ್ಲು ಎದೆಯ ಮೇಲೆಲ್ಲ ಇಳಿಯಿತು. ಉಚ್ಚೆ ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಗೆ ಹೋಯಿತು. ವೀರೇಶ ಹೇಸಿ ಮೂಗು ಮುಚ್ಚಿಕೊಂಡು ಹಿಂದೆ ಸರಿದ.

"ಏನ್ ಮಾಡಿದ್ರಿ?" ಕೆಂಚಕ್ಕ ಕೇಳಿದಳು.

"ನಾನೇನ್ ಮಾಡ್ಲಿ ಅತ್ತೆ? ಯಾರೋ ಮಾಟ ಮಾಡ್ಸಿದಾರೆ." ದೇವರನ್ನೇ ಹಾಸ್ಯ ಮಾಡಿದ ಬಾಯಿ, ನೋಡಿ, ಈಗ ಮಾಟದ ಮರೆಗೆ ಹೋಯಿತು.

ಪಕ್ಕದ ತಳಕು ಊರಿನಿಂದ ಹುಲಿಯಪ್ಪನನ್ನು ಕರೆತಂದರು, ಮಾಟ ತೆಗೆಯುವವನು. ಬೇವು, ಮೆಣಸಿನಕಾಯಿ ಸುಟ್ಟು ಹೊಗೆ ಹಾಕಿದ. ಮುಚ್ಚಿಕೊಂಡ ಗಂಟಲಿಗೆ ಹೊಗೆ. ಕೆಮ್ಮಲಾರಳು. ಕೂಗಲಾರಳು. ತುಟಿ ನೀಲಿ. ಕಣ್ಣು ಮಾತ್ರ ಗಂಡನ ಮೇಲೆ. ಆಗ ವೀರೇಶ ಬಾಯಿಬಿಟ್ಟ: "ಬಣ್ಣ ಕುಡಿದಾಳೆ."

ಆಸ್ಪತ್ರೆಯಲ್ಲಿ ಕೊರಳು ಕೊಯ್ದು ಉಸಿರಿಗೆ ನಳಿಕೆ ಇಟ್ಟರು. ಕಿಡ್ನಿ ಕೆಟ್ಟಿದ್ದವು, ಯಂತ್ರಕ್ಕೆ ಹಾಕಿ ರಕ್ತ ತೊಳೆದರು. ಜೀವ ಉಳಿಯಿತು, ದನಿ ಹೋಯಿತು. ನಳಿಕೆ ಕಟ್ಟಿಕೊಂಡರೆ ಉಸಿರೂ ಇಲ್ಲ, ಹುಷಾರು ಎಂದು ಹೇಳಿ ಮನೆಗೆ ಕಳಿಸಿದರು.

ಮನೆಗೆ ಬಂದ ಮಧ್ಯಾಹ್ನವೇ ನಳಿಕೆ ಒರೆಸುತ್ತಿದ್ದ ವೀರೇಶನಿಗೆ ಲೋಳೆಯಲ್ಲಿ ಒಂದು ಕಪ್ಪು ಎಳೆ ಕಂಡಿತು. ಎಳೆದ. ಬಂತು. ಇನ್ನಷ್ಟು ಬಂತು. ಉಣ್ಣೆ. ಬೆಚ್ಚಗಿನ, ಕೀವು ನಾರುವ ಉಣ್ಣೆಯ ನೂಲು. ಅಸಹ್ಯಪಟ್ಟು ಕೈಬಿಟ್ಟ. ಅವಳ ಉಸಿರು ಕಟ್ಟಿತು. ಎಳೆದ. ಉಸಿರಾಡಿದಳು. ಬಿಟ್ಟ. ಕಟ್ಟಿತು. ಎಳೆದ.

ಕೆಂಚಕ್ಕ ಬಂದು ಮಗಳ ಹಣೆ ಸವರಿದಳು. ನೂಲನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಕಪ್ಪು ಬೆರಳಿಗೆ ಹತ್ತಲಿಲ್ಲ. ಒಳಗೆ ಹೋಗಿ ನೂಲು ಸುತ್ತುವ ಕದಿರು ತಂದು ಅಳಿಯನ ಕೈಗಿಟ್ಟಳು.

"ಹುಟ್ಟುಗಪ್ಪೇ ಐತೆ," ಎಂದಳು. "ನೂಲು ಸಾಲಲ್ಲ ಅಂದಿದ್ರಲ್ಲ. ಸುತ್ರಿ. ನಿಲ್ಲಿಸ್ಬ್ಯಾಡ್ರಿ."