ವರ್ಧಂತಿಯ ರಜ

"ಇವತ್ತು ಮಹಾರಾಜರ ವರ್ಧಂತಿ. ನಮ್ಮ ಫಿಲೇಚರ್‌ಗೂ ರಜ! ಬರೀ ರಜ ಅಲ್ಲ, ಕೂಲಿ ಸಮೇತ ರಜ!"

ಸಾಹುಕಾರ್ ಕೋದಂಡರಾಮಪ್ಪ ವೇದಿಕೆಯ ಮೇಲಿಂದ ಹೀಗೆ ಹೇಳಿದ್ದೇ ತಡ, ಮುಳಬಾಗಿಲಿನ ಸ್ಕೂಲಿನ ಅಂಗಳದ ತುಂಬ ಚಪ್ಪಾಳೆ. ಕದಿರಮ್ಮನ ಕೈ ಮಾತ್ರ ಎತ್ತಿದಂತೆಯೇ ನಿಂತುಬಿಟ್ಟಿತು.

ಅವಳ ಅಮ್ಮ ಬೈರಮ್ಮ ಅದೇ ರೇಷ್ಮೆ ಫಿಲೇಚರ್‌ನಲ್ಲಿ ಕೆಲಸಕ್ಕಿದ್ದಳು. ಕುದಿಯುವ ನೀರಿಗೆ ಗೂಡುಗಳನ್ನು ಹಾಕಿ, ಎಳೆ ಹುಡುಕಿ, ನೂಲು ತೆಗೆಯುವ ಕೆಲಸ. ಹಬ್ಬಕ್ಕೂ ವರ್ಧಂತಿಗೂ ರಜ, ರಜದ ದಿನವೂ ಕೂಲಿ ಎಂದು ಕರಾರು. ಅದನ್ನು ಓದಿ ಹೇಳಿದ ಮೇಲೆಯೇ ಅಮ್ಮ ಹೆಬ್ಬೆಟ್ಟು ಒತ್ತಿದ್ದು. "ಮೆರವಣಿಗೇಲಿ ನೀನು ಹಾಡೋವಾಗ ಮುಂದೇನೇ ನಿಂತ್ಕೊಂಡು ಕೇಳ್ತೀನಿ ಕಣೇ" ಎಂದು ಎಷ್ಟು ದಿನದಿಂದ ಹೇಳುತ್ತಿದ್ದಳು!

ಆದರೆ ಬೆಳಗಿನ ಜಾವವೇ ಮೇಸ್ತ್ರಿ ಚನ್ನರಾಯಪ್ಪ ಬಂದು ಬಾಗಿಲು ಬಡಿದಿದ್ದ.

"ಇವತ್ತು ನೂಲು ತೆಗೀದಿದ್ರೆ ಚಿಟ್ಟೆ ಗೂಡನ್ನ ತೂತು ಮಾಡ್ಕೊಂಡು ಆಚೆ ಬರ್ತವೆ. ಎಲ್ಲಾ ಹಾಳು! ರಜ ಬೇಕಾ ನಿಂಗೆ? ತಗೋ. ನಾಳೆಯಿಂದ್ಲೂ ರಜಾನೇ!"

ಅಮ್ಮ ಸೆರಗು ಸಿಕ್ಕಿಸಿ ಹೊರಟುಹೋಗಿದ್ದಳು.

ಹಾಗಾದರೆ ಸಾಹುಕಾರರು ಹೇಳುತ್ತಿರುವುದು? ಜರಿಪೇಟ ಕಟ್ಟಿದ ಅಷ್ಟು ದೊಡ್ಡವರು ಎಲ್ಲರೆದುರು ಸುಳ್ಳು ಹೇಳುತ್ತಾರೆಯೇ? ಆಮೇಲೆ ಅಮ್ಮನನ್ನು ಮನೆಗೆ ಕಳಿಸಿರಬೇಕು. ಹೌದು, ಹಾಗೇ ಇರಬೇಕು.

ಬೂಂದಿ ಪೊಟ್ಟಣ ಕೈಗೆ ಬಂದದ್ದೇ ಕದಿರಮ್ಮ ಗೇಟಿನತ್ತ ಓಡಿದಳು.

"ಲೇ ಕದ್ರಿ, ಎಲ್ಲಿಗೇ? ಇನ್ನೇನು ಮೆರವಣಿಗೆ ಹೊರಡುತ್ತೆ!" ಗೆಳತಿ ಭಾರತಿ ಕೂಗಿದಳು.

"ಬಂದೇ ಕಣೇ!"

ಫಿಲೇಚರ್‌ನ ಬಾಗಿಲಿಗೆ ದೊಡ್ಡ ಬೀಗ ಜೋತಾಡುತ್ತಿತ್ತು. ಸದ್ಯ! ಕದಿರಮ್ಮ ಉಸಿರು ಬಿಟ್ಟಳು. ಮರುಗಳಿಗೆಯೇ ಬೆಂದ ಹುಳದ ವಾಸನೆ ಮೂಗಿಗೆ ಬಡಿಯಿತು. ಹಂಚಿನ ಸಂದಿಯಿಂದ ಹಬೆ ಏಳುತ್ತಿತ್ತು.

ಅವಳು ಕಟ್ಟಡದ ಹಿಂಭಾಗಕ್ಕೆ ಓಡಿ, ಕಿಟಕಿಯ ಸರಳು ಹಿಡಿದು ಇಣುಕಿದಳು. ಹಬೆಯೊಳಗೆ ಸಾಲಾಗಿ ಹೆಂಗಸರು. ಬಾಣಲೆಯೊಳಗೆ ಬೆರಳು ಅದ್ದಿಕೊಂಡು, ಕಿಟಕಿಯ ಪಕ್ಕದಲ್ಲೇ ಅಮ್ಮ!

"ಅಮ್ಮಾ! ಮುಂದೆ ಬೀಗ ಹಾಕೈತಲ್ಲಮ್ಮಾ!"

ಅಮ್ಮ ಬೆಚ್ಚಿಬಿದ್ದು ತುಟಿಯ ಮೇಲೆ ಬೆರಳಿಟ್ಟಳು. "ಶ್! ಮೆರವಣಿಗೆ ದಾಟೋವರ್ಗೂ ಉಸಿರೆತ್ತಬಾರ್ದು ಅಂದವ್ರೆ."

"ನೋಡ್ದೋರಿಗೆ ರಜ ಕಾಣ್ಬೇಕಲ್ಲ, ಅದಕ್ಕೇ ಬೀಗ," ಎಂದು ಪಕ್ಕದ ಬಾಣಲೆಯ ಶಾಮಲಮ್ಮ ಮೆಲ್ಲಗೆ ನಕ್ಕಳು. "ನಿಮ್ಮಮ್ಮ ನಿನ್ನ ಹಾಡನ್ನ ದಿನಾ ಗುನುಗಿ ಗುನುಗಿ ನಮಗೂ ಬಾಯಿಪಾಠ ಆಗೋಗೈತೆ. ಬಾಗಾ ಪಾಡು ತಲ್ಲಿ, ಚೆನ್ನಾಗಿ ಹಾಡು!"

ಅಮ್ಮನ ಎರಡೂ ಕೈ ಒದ್ದೆ. ಕದಿರಮ್ಮ ಸರಳಿನ ನಡುವೆ ಕೈ ತೂರಿಸಿ ಅವಳ ಬಾಯಿಗೆ ಬೂಂದಿ ಇಟ್ಟಳು. ಅಷ್ಟರಲ್ಲಿ ನಾಗಸ್ವರ ಕೇಳಿಸಿತು.

"ಹೋಗು, ಹೋಗು! ಯಾರಿಗೂ ಹೇಳ್ಬೇಡ ಕಣೇ. ಕೆಲಸ ಹೋಗುತ್ತೆ," ಎಂದಳು ಅಮ್ಮ.

ಮೆರವಣಿಗೆ ಫಿಲೇಚರ್ ಮುಂದೆಯೇ ನಿಂತಿತು. ಹೂವಿನ ಗಾಡಿಯಲ್ಲಿ ಮಹಾರಾಜರ ಫೋಟೋ. ಅದರ ಮುಂದೆ ತೆಂಗಿನಕಾಯಿ ಹಿಡಿದ ಸಾಹುಕಾರರು.

"ಎಲ್ಲಿಗಮ್ಮ ಹೋಗಿದ್ದೆ?" ಹೆಡ್‌ಮಾಸ್ತರು ಮುನಿಕೃಷ್ಣಪ್ಪ ಕದಿರಮ್ಮನನ್ನು ಮುಂದಕ್ಕೆ ಕರೆತಂದರು. "ಸಾಹುಕಾರರ ಬಾಗಿಲಲ್ಲೇ ಶುರುವಾಗ್ಲಿ. ಹಾಡು."

ಕದಿರಮ್ಮ ಹಾಡತೊಡಗಿದಳು.

"ಕೆರೆಯ ಮೇಲೆ ಬೆಳಕು ಬಂತು, ಏಳಿರೇಳಿ ಎಲ್ಲರೂ..."

ಕಣ್ಣು ಬೀಗದ ಮೇಲೆ ಬಿತ್ತು. ಅದರ ಹಿಂದೆ ಅಮ್ಮ, ಉಸಿರು ಬಿಗಿಹಿಡಿದು ಕೂತಿದ್ದಾಳೆ. ಹಾಡು ನಿಂತಿತು. ಮುಂದಿನ ಸಾಲು ಯಾವುದು? ಎಷ್ಟು ಹುಡುಕಿದರೂ ಸಿಗಲಿಲ್ಲ.

"ಮರ್ತೋದ್ಲು!" ಹಿಂದಿನಿಂದ ಯಾರೋ ಕಿಸಕ್ಕೆಂದರು. ಕದಿರಮ್ಮನ ಕಣ್ಣಲ್ಲಿ ನೀರು ತುಂಬಿತು.

ಆಗ, ಬೀಗ ಹಾಕಿದ ಬಾಗಿಲ ಒಳಗಿನಿಂದ ಒಂದು ದನಿ ಎದ್ದಿತು.

"ಹೊಲದ ಬದುವಿನಲ್ಲಿ ಹಕ್ಕಿ ಕರೆಯುತಿಹುದು ಕೇಳಿರಿ..."

ಅಮ್ಮ!

ಜೊತೆಗೆ ಇನ್ನೊಂದು ದನಿ, ಅದು ಶಾಮಲಮ್ಮನದು. ಆಮೇಲೆ ಎಲ್ಲ ದನಿಗಳೂ ಕೂಡಿಕೊಂಡವು. ನಾಗಸ್ವರದವನು ಬಾಯಿ ತೆರೆದು ನಿಂತ. ಪುಟ್ಟ ಹುಡುಗನೊಬ್ಬ "ದೆವ್ವ! ದೆವ್ವ!" ಎಂದು ಅಳತೊಡಗಿದ. ಸಾಹುಕಾರರು ಎತ್ತಿದ ತೆಂಗಿನಕಾಯಿ ಒಡೆಯದೆ ಹಾಗೇ ಉಳಿಯಿತು.

ಹೆಡ್‌ಮಾಸ್ತರು ಬೀಗವನ್ನು ನೋಡಿದರು. ಸಾಹುಕಾರರನ್ನು ನೋಡಿದರು. ತಾವೂ ಅವರ ಮಾತಿಗೆ ಚಪ್ಪಾಳೆ ತಟ್ಟಿದ್ದರು.

"ಸಾಹುಕಾರರೇ, ಒಳಗಿರೋರು ಯಾರು?"

ಸಾಹುಕಾರರು ತೆಂಗಿನಕಾಯಿಯನ್ನು ಕೆಳಗಿಳಿಸಿದರು.

"ಬೀಗದ ಕೈ ಕೊಡಿ," ಎಂದರು ಹೆಡ್‌ಮಾಸ್ತರು. ಸಾಹುಕಾರರು ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟರು.

ಬಾಗಿಲು ತೆರೆದಾಗ ಮೊದಲು ಬಂದದ್ದು ಹಬೆ. ಆಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೆಂಗಸರು ಬಂದರು. ಹಿಂದೆಯೇ ಬಂದ ಮೇಸ್ತ್ರಿ, "ಬೈರಮ್ಮಾ, ನಾಳೆಯಿಂದ ನೀನು..." ಎಂದು ಶುರುಮಾಡಿದವನು, ಅಷ್ಟು ಜನರನ್ನು ಕಂಡು ಮಾತು ನುಂಗಿದ.

ಕದಿರಮ್ಮ ಅಮ್ಮನ ಬಳಿ ಓಡಿದಳು. "ಅಮ್ಮಾ, ಯಾರಿಗೂ ಹೇಳ್ಬೇಡ ಅಂದಿದ್ದೆ. ಈಗ ನೀನೇ..."

"ನೀನು ನಿಂತ್ಬಿಟ್ಟೆಯಲ್ಲ," ಎಂದಳು ಅಮ್ಮ. ಅಷ್ಟೇ.

ಕದಿರಮ್ಮ ಅವಳ ಕೈ ಹಿಡಿದಳು. ನೀರಲ್ಲಿ ನೆನೆದು ಬಿಳಿಚಿ, ಸುಕ್ಕುಗಟ್ಟಿದ ಬೆರಳುಗಳು. ಇನ್ನೂ ಬಿಸಿಯಾಗಿದ್ದವು.

ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಮೂರನೆಯ ಸಾಲನ್ನು ಎತ್ತಿಕೊಂಡಳು. ಈಗ ಅದು ನೆನಪಿತ್ತು.