ಗಂಟಲು ತೆಗಿ

"ಗಂಟಲು ತೆಗಿ!"

ಬೃಂದಾ ಬೆಚ್ಚಿಬಿದ್ದಳು. ಗಿಟಾರ್ ಹಿಡಿದು ನಿಂತಿದ್ದ ಆ ಹುಡುಗ ಹೆಸರು ಕೇಳಲಿಲ್ಲ, ಕೂತ್ಕೋ ಅನ್ನಲಿಲ್ಲ. ಬಂದ ತಕ್ಷಣ ಹುಕುಂ!

ಲಿಂಗರಾಜಪುರದ ಆ ಕಟ್ಟಡದಲ್ಲಿ ಮಹಡಿ ಮೇಲೆ ಬ್ಯಾಂಡ್‌ನವರ ಅಭ್ಯಾಸದ ಜಾಮ್ ರೂಮ್, ಕೆಳಗೆ ಬ್ಲೌಸ್ ಹೊಲಿಯುವ ಅಂಗಡಿ. ಅಲ್ಲಿ ಹುಕ್ ಹಾಕುತ್ತಾ ಹಾಡಿಕೊಳ್ಳುತ್ತಿದ್ದವಳನ್ನು ಡ್ರಮ್ಸ್ ಬಾರಿಸುವ ಅರ್ಸಲಾನ್ ಮೇಲೆ ಕರೆತಂದಿದ್ದ.

"ಹೆದರ್ಬೇಡಮ್ಮ, ಇವನು ದೀಪು. ಜಾಸ್ತಿ ಮಾತಾಡಿದ್ರೆ ಬಾಯಿ ಸವೆಯುತ್ತೆ ಅನ್ಕೊಂಡಿದಾನೆ," ಎಂದು ನಕ್ಕ ಅರ್ಸಲಾನ್.

ಬೃಂದಾಗೆ ರೇಗಿತು. ಆ ಸಿಟ್ಟಿನಲ್ಲೇ ಗಂಟಲು ತೆರೆದಳು. ಸ್ವರ ಮೇಲೆ, ಇನ್ನೂ ಮೇಲೆ...

ದೀಪುವಿನ ಕೈ ತಂತಿಯ ಮೇಲೇ ನಿಂತುಬಿಟ್ಟಿತು.

ಹಳೇ ಕ್ಯಾಸೆಟ್ಟುಗಳ ಹೆವಿ ಮೆಟಲ್ ಅವನ ಉಸಿರು. ಕುದುರೆ ಓಟದಂಥ ತಾಳ, ಜೋಡಿಯಾಗಿ ಏರುವ ಎರಡು ಗಿಟಾರು, ಗಾಜು ಒಡೆಯುವಂಥ ಕೂಗು. ಅದಕ್ಕೆಲ್ಲ ಇನ್ನಷ್ಟು ವೇಗ ತುಂಬಿ ಕನ್ನಡದಲ್ಲೇ ಒಂದು ಪವರ್ ಮೆಟಲ್ ಆಲ್ಬಂ ಮಾಡುತ್ತಿದ್ದ. 'ಉಕ್ಕಿನ ಗರುಡ.' ಅದಕ್ಕೆ ಬೇಕಿದ್ದ ಗಂಟಲು ಹುಕ್ ಹಾಕುವ ಹುಡುಗಿಯಲ್ಲಿ ಸಿಕ್ಕಿತ್ತು!

ಒಂದು ಸಂಜೆ ಹಲಸೂರು ಕೆರೆಯ ಪಕ್ಕ ಕೂತಿದ್ದಾಗ ಅವನು ತಾನಾಗೇ ಬಾಯಿಬಿಟ್ಟ.

"ನ... ನಂಗೆ ಉ... ಉಗ್ಗು. ಸ್ಕೂಲಲ್ಲಿ ಎಲ್ರೂ ಆ... ಆಡ್ಕೊಳ್ತಿದ್ರು. ಚಿಕ್ಕ ಮಾತಾದ್ರೆ ತ... ತಪ್ಪಿಸ್ಕೊಂಡ್ಬಿಡ್ತೀನಿ. ಈ... ಈಗ ಅಮ್ಮ ಬಿಟ್ರೆ ನಿಂಗೇ ಗೊತ್ತಿರೋದು."

ಬೃಂದಾ ಅವನ ಕೈ ಹಿಡಿದುಕೊಂಡಳು. ಇಷ್ಟು ದೊಡ್ಡದನ್ನ ನನ್ನ ಹತ್ರ ಇಟ್ನಲ್ಲ...

ರೆಕಾರ್ಡಿಂಗ್ ಮುಗಿಯಿತು. ಅವನಿಗೆ ಬಿಸಿಬೇಳೆಬಾತ್ ಕಟ್ಟಿಕೊಂಡು ಅವಳು ಇಂದಿರಾನಗರದ ಸ್ಟುಡಿಯೋಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಕೋರಸ್ ಹಾಡುವ ಪ್ರಿಯಾಳ ನಗು. ಆಮೇಲೆ ದೀಪುವಿನ ಧ್ವನಿ.

"ಬೃಂದಾ ವಾಯ್ಸ್ ತೆಗಿ."

"ಪೂರ್ತಿನಾ ಮಗಾ?" ಕಂಪ್ಯೂಟರ್ ಮುಂದಿದ್ದ ಅರ್ಸಲಾನ್ ಕೇಳಿದ.

"ಪೂರ್ತಿ ತೆಗಿ."

ಬಾಗಿಲು ತಳ್ಳಲು ಎತ್ತಿದ ಕೈಯನ್ನು ಬೃಂದಾ ಹಿಂದೆಗೆದಳು. ನನ್ನ ದನೀನ ತೆಗೆದು ಬಿಸಾಕ್ತಿದಾನೆ... ಆ ಪ್ರಿಯಾಗೋಸ್ಕರ!

ಒಳಗೆ ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅವಳು ಕೇಳುವವಳಲ್ಲ. ಮೆಟ್ಟಿಲಿಳಿದು ಬಂದಳು. ಅವನ ಫೋನ್ ಎತ್ತಲಿಲ್ಲ. ಹೇಗೆ ನೋಯಿಸಲಿ, ಎಲ್ಲಿ ಚುಚ್ಚಲಿ ಎಂದು ಯೋಚಿಸುತ್ತಲೇ ಹುಕ್ ಹಾಕಿದಳು. ಎಲ್ಲಿ ಚುಚ್ಚಬೇಕೆಂದು ಅವನೇ ಹೇಳಿಕೊಟ್ಟಿದ್ದನಲ್ಲ!

ಆಲ್ಬಂ ಬಿಡುಗಡೆಯ ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಬಾಗಿಲಲ್ಲಿ ಅವಳನ್ನು ಕಂಡ ದೀಪುವಿನ ಮುಖ ಅರಳಿತು. ಅರ್ಸಲಾನ್ ಅವಳನ್ನು ವೇದಿಕೆಗೆ ಕರೆದು ಮೈಕ್ ಕೊಟ್ಟ.

"ನಮ್ಮ ದೀಪು ಯಾಕೆ ಮಾತಾಡಲ್ಲ ಗೊತ್ತಾ?" ಬೃಂದಾ ನಕ್ಕಳು. "ಕೊಬ್ಬು ಅನ್ಕೊಂಡಿದೀರಾ? ಅಲ್ಲ ರೀ. ನ... ನ... ನಂಗೆ ಉ... ಉ... ಉಗ್ಗು!"

ಅದೇ ತುಟಿ, ಅದೇ ತಡವರಿಕೆ. ಕೆರೆಯ ಪಕ್ಕ ಕೇಳಿಸಿಕೊಂಡಿದ್ದನ್ನು ಚೂರೂ ಬಿಡದೆ ಆಡಿ ತೋರಿಸಿದಳು.

ಜನ ಘೊಳ್ಳೆಂದರು. "ಗುರು, ಗಿ... ಗಿ... ಗಿಟಾರ್ ಬಾರ್ಸು!" ಹಿಂದಿನಿಂದ ಯಾರೋ ಕೂಗಿದರು. ಫೋನುಗಳು ಮೇಲೆದ್ದವು.

ದೀಪು ಅವಳನ್ನೇ ನೋಡುತ್ತಿದ್ದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸ್ಕೂಲ್ ಹುಡುಗನ ಹೆದರಿಕೆ ಇತ್ತು...

ನಗು ಮುಚ್ಚಿಹಾಕಲು ಅರ್ಸಲಾನ್ ಗಾಬರಿಯಲ್ಲಿ ಹಾಡು ಹಾಕಿದ.

ಡ್ರಮ್ಸ್ ಇಲ್ಲ. ಗಿಟಾರ್ ಇಲ್ಲ. ಬರೀ ಒಂದು ಗಂಟಲು... ಏರಿ, ಏರಿ, ಚಾವಣಿ ಮುಟ್ಟಿತು.

ಬೃಂದಾಳದೇ!

ನಗುತ್ತಿದ್ದವರೆಲ್ಲ ಸುಮ್ಮನಾದರು. ದೀಪು ಗಿಟಾರ್ ಕೆಳಗಿಟ್ಟು ಹೊರಟುಹೋಗಿದ್ದ.

"ತೆಗಿ ಅಂದಿದ್ನಲ್ಲ..." ಬೃಂದಾ ಅರ್ಸಲಾನ್ ಕಡೆ ತಿರುಗಿದಳು. "ಪೂರ್ತಿ ತೆಗಿ ಅಂತ..."

"ತೆರೆದಿಡು ಅಂತ ಕಣೇ, ಹುಚ್ಚಿ!" ಅರ್ಸಲಾನ್ ಹಲ್ಲು ಕಡಿದ. "ನಲ್ಲಿ ತೆಗಿ ಅನ್ನಲ್ವಾ? ಹಾಗೆ! ತನ್ನ ಗಿಟಾರೇ ನಿಲ್ಸಿ ನಿನ್ನ ದನೀನ ಮೇಲೆ ಕೂರ್ಸಿದ. ಈಗ ತೃಪ್ತಿನಾ?"

ಸಂಜೆಗೆಲ್ಲ ಆ ವಿಡಿಯೋ ಊರಿಗೇ ಹರಡಿತ್ತು.

ಮಾರನೇ ಬೆಳಿಗ್ಗೆ ಅವಳು ಕಗ್ಗದಾಸಪುರದ ಅವನ ಮನೆ ಮುಂದೆ ನಿಂತಾಗ ತಾಯಿ ಯಶೋದಮ್ಮ ದಾರಿ ಬಿಟ್ಟರು. ಬೈಯಲಿಲ್ಲ.

"ಸ್ಕೂಲ್ ಮಕ್ಕಳು ಆಡ್ಕೊಂಡಾಗ ಅವಕ್ಕೆ ಬುದ್ಧಿ ಇಲ್ಲ ಅಂತ ಸುಮ್ನಾಗ್ತಿದ್ದೆ," ಎಂದರು. "ನಿಂಗೆ ಇತ್ತಲ್ಲಮ್ಮಾ?"

ಅವನ ಕೋಣೆಯ ಬಾಗಿಲು ಮುಚ್ಚಿತ್ತು.

"ದೀಪು... ತಪ್ಪಾಯ್ತು."

"ಇ... ಇನ್ನೊಂದ್ಸಲ ಆ... ಆಡಿ ತೋರ್ಸು," ಒಳಗಿಂದ ಮಾತು ಬಂತು. "ಚೆ... ಚೆನ್ನಾಗ್ ಮಾಡ್ತೀಯ."

ಬೃಂದಾ ಬಾಗಿಲಿಗೆ ಹಣೆ ಒತ್ತಿ ಬಿಕ್ಕಿದಳು. "ಇನ್ನು ಹಾಡೋದೂ ಇಲ್ಲ ನಾನು. ಈ ಗಂಟಲೇ ಬೇಡ."

"ಅ... ಅದನ್ನೂ ಕಿ... ಕಿತ್ಕೊಳ್ತೀಯಾ ನನ್ನಿಂದ?"

ಒಳಗಿನ ಹೆಜ್ಜೆ ಸದ್ದು ಬಾಗಿಲ ಹತ್ತಿರ ಬಂತು.

"ನಂಗೆ ನಿ... ನಿನ್ನ ಮೇಲೆ ಪ್ರೀ... ಪ್ರೀ..."

ಅವಳು ಆ ಮಾತು ಪೂರ್ತಿ ಮಾಡಲಿಲ್ಲ. ಕಾದಳು. ಅವನು ಎಷ್ಟು ಹೊತ್ತು ತಗೊಂಡರೂ ಸರಿ, ಕಾದಳು.

"...ಪ್ರೀತಿ ಇತ್ತು."

"ಇತ್ತಾ?"

"ಇ... ಇದೆ. ಹೋ... ಹೋಗ್ತಾನೇ ಇಲ್ಲ. ಅದೇ ಸಂ... ಸಂಕಟ."

ಬೃಂದಾ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಬಾಗಿಲು ತೆಗಿ."



"ಯಾ... ಯಾವ ತೆಗಿ?"

"ತೆರೆಯೋ ತೆಗಿ ಕಣೋ..."

ಚಿಲಕ ಸರಿಯಿತು.