ಮುಳುಗಿ ಸತ್ತ ಕಡಲಕ್ಕಿಗಳು

ನೀರಹಕ್ಕಿಯೇ ನೀರಲ್ಲಿ ಮುಳುಗಿ ಸತ್ತರೆ ಯಾರಿಗೆ ನೆಮ್ಮದಿ? ಮೀನುಗಾರರನ್ನು ಕಾಯುವ ಕಾರ್ಮೆನ್ ಮಾತೆಯ ಕಡಲ ಮೆರವಣಿಗೆಯ ಬೆಳಿಗ್ಗೆ ನಮ್ಮ ಗಲೀಸಿಯಾ ದಂಡೆಯಲ್ಲಿ ಏಳು ಕಡಲಕ್ಕಿಗಳು ಸತ್ತು ಬಿದ್ದಿದ್ದವು. ಬಂಡೆಯ ಹಿಂದೆ ಎಣ್ಣೆಯ ಪೊರೆ ಬಣ್ಣಬಣ್ಣವಾಗಿ ತೇಲುತ್ತಿತ್ತು.

"ಇನ್ಯಾರು? ಅಮಾರೊನ ಸೋರೋ ಇಂಜಿನ್ನೇ!" ಎಂದ ಮೀನುಗಾರರ ಸಂಘದ ಮುಖಂಡ ಎಲಾಡಿಯೊ. "ಮಧ್ಯಾಹ್ನದೊಳಗೆ ಅವನ ಪರವಾನಗಿ ರದ್ದು."

ಮುದುಕ ಅಮಾರೊ ದೊರಿಂದಳ ಬಳಿಗೆ ಓಡಿ ಬಂದ. "ಅಕ್ಕಾ, ದೋಣಿ ಹೋದ್ರೆ ನಾನೂ ಹೋದಂಗೇ!"

ಇಪ್ಪತ್ತು ವರ್ಷ ದೊರಿಂದಳ ಜೊತೆ ಮರಳಲ್ಲಿ ಚಿಪ್ಪುಮೀನು ಕೆದಕಿದವಳು ನಾನು. ಊರಿನ ಕಳವು, ಮೋಸ ಪತ್ತೆಹಚ್ಚುವುದರಲ್ಲಿ ಅವಳದು ಎತ್ತಿದ ಕೈ. ಸತ್ತ ಹಕ್ಕಿಯೊಂದನ್ನು ಎತ್ತಿ ನೋಡಿದಳು. ಗರಿಯ ಮೇಲೆ ಕಪ್ಪಿರಲಿಲ್ಲ, ಆದರೆ ಚರ್ಮದವರೆಗೂ ತೊಯ್ದಿತ್ತು. ಒಂದು ಗರಿಯನ್ನು ಸಿಹಿನೀರಲ್ಲಿ ಉಜ್ಜಿದಾಗ ನೊರೆ ಬಂತು, ನಿಂಬೆಯ ವಾಸನೆಯೂ ಬಂತು. ಆಮೇಲೆ ಅಮಾರೊನ ಕೈ ಮೂಸಿದಳು.

"ಥೂ! ಈ ಕೈ ಸೋಪು ಕಂಡು ಯಾವ ಕಾಲ ಆಯ್ತೋ!"

ಆ ವರ್ಷ ಮಾತೆಯ ಮೂರ್ತಿಯನ್ನು ಹೊರುವ ಚೀಟಿ ಎದ್ದದ್ದು ಎಲಾಡಿಯೊನ ದೋಣಿಗೆ. ಮಾತೆ ಕೂರುವ ದೋಣಿಯಲ್ಲಿ ಎಣ್ಣೆಯ ನಾತ ಇರಕೂಡದೆಂದು ಹಿಂದಿನ ದಿನವೇ ತಳ ತೊಳೆಯುವುದು ನಮ್ಮ ಪದ್ಧತಿ. ದೊರಿಂದ ಎಲಾಡಿಯೊನ ದೋಣಿಯ ತಳದ ಇಂಜಿನ್ ಗುಂಡಿಗೆ ಬಗ್ಗಿ ನೋಡಿ, ಎಲ್ಲರನ್ನೂ ಮೀನು ಹರಾಜಿನ ಕಟ್ಟೆಗೆ ಕರೆಸಿದಳು.

"ಬರೀ ಎಣ್ಣೆ ಮೆತ್ತಿದ್ರೆ ಹಕ್ಕಿ ಕಪ್ಪಗಿರ್ತಿತ್ತು. ಇವು ಬೆಳ್ಳಗಿವೆ, ಆದ್ರೆ ತೊಯ್ದು ತೊಪ್ಪೆಯಾಗಿವೆ. ಸೋಪು ತಾಗಿದ ಗರಿ ನೀರು ತಡೆಯಲ್ಲ, ಹಕ್ಕಿ ತೇಲಲ್ಲ. ಅಮಾರೊನ ದೋಣೀಲಿ ಸೋಪು ಎಲ್ಲಿಂದ ಬರ್ಬೇಕು? ಎಲಾಡಿಯೊ, ನಿನ್ನ ಇಂಜಿನ್ ಗುಂಡಿ ನಿಂಬೆಹಣ್ಣಿನಂಗೆ ಘಮ್ಮಂತಿದೆ ಕಣೋ. ಆ ತೊಳೆದ ನೀರು ಎಲ್ಲಿ ಚೆಲ್ಲಿದೆ?"

ಎಲಾಡಿಯೊ ಕಡಲ ಕಡೆ ಕೈ ತೋರಿಸಿದ. "ಬಂಡೆ ಹಿಂದೆ. ಈ ಚೀಟಿಗೆ ನಲವತ್ತು ವರ್ಷ ಕಾದಿದ್ದೆ. ಸೋಪು ಹಾಕಿದ್ರೆ ಎಣ್ಣೆ ಮಾಯ ಆಗತ್ತೆ ಅಂದ್ಕೊಂಡೆ. ಹಕ್ಕಿ ನೋಡಿ ಹೆದರಿ ಇವನ ಹೆಸರು ಹೇಳ್ಬಿಟ್ಟೆ."

ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. "ಮಾತೆ ಅಮಾರೊನ ದೋಣೀಲಿ ಹೋಗ್ಲಿ," ಎಂದಳು ದೊರಿಂದ.

"ನನ್ನ ದೋಣಿ ನಾರತ್ತೆ ಅಕ್ಕಾ!"

"ನಾರ್ಲಿ. ಇಂಜಿನ್ ಬೇಡ, ಹುಟ್ಟು ಹಾಕಿ."

ಹುಟ್ಟು ಹಿಡಿದವನು ಎಲಾಡಿಯೊನೇ. ಬಂಡೆಯ ಬಳಿ ಅವನ ಕೈ ನಿಂತಿತು. ಎಂಟನೆಯ ಹಕ್ಕಿಯೊಂದು ಅರ್ಧ ಮುಳುಗಿ ಇನ್ನೂ ರೆಕ್ಕೆ ಬಡಿಯುತ್ತಿತ್ತು. ಅವನು ಹಬ್ಬದ ಕೋಟು ಬಿಚ್ಚಿ, ಹಕ್ಕಿಯನ್ನು ಎತ್ತಿ ಅದರಲ್ಲಿ ಸುತ್ತಿ ಮಾತೆಯ ಪಾದದ ಬಳಿ ಇಟ್ಟ. ಬಂದರು ಮುಟ್ಟುವವರೆಗೂ ಆ ಕೋಟು ಅಲುಗುತ್ತಿದೆಯೇ ಎಂದೇ ನಾವೆಲ್ಲ ನೋಡುತ್ತಿದ್ದೆವು.